ಹಡಗಿನಲ್ಲಿ ಹೊಟ್ಟೆ ತೊಳಸದಿರಲು ಯಾವ ಕ್ಯಾಬಿನ್? ಬಾಲ್ಕನಿಯ ಮೋಹ ಬಿಡಿ

ಪ್ರಶ್ನೆ: ಮೊದಲ ಸಲ ಕ್ರೂಸ್ ಹಡಗಿನಲ್ಲಿ ಹೊರಟಿದ್ದೇವೆ. ಘಟ್ಟದ ರಸ್ತೆಯ ತಿರುವುಗಳಲ್ಲೇ ನನಗೆ ವಾಂತಿ ಬರುತ್ತದೆ. ಎಂಥ ಕ್ಯಾಬಿನ್ ತೆಗೆದುಕೊಳ್ಳಬೇಕು? ಹಣ ಹೆಚ್ಚಾದರೂ ಮೇಲಿನ ಡೆಕ್ಕಿನ ಬಾಲ್ಕನಿ ಕೋಣೆಯೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದಾರೆ.

ಉತ್ತರ ಒಂದೇ ಸಾಲಿನದು: ಹಡಗಿನ ಉದ್ದದ ನಟ್ಟನಡುವೆ, ಸಾಧ್ಯವಾದಷ್ಟು ಕೆಳಗಿನ ಡೆಕ್ಕಿನಲ್ಲಿ. ಇದನ್ನು ಎಷ್ಟು ಸಲ ಬರೆದಿದ್ದೇನೋ ನೆನಪಿಲ್ಲ. ಬರೆದ ಸ್ವಲ್ಪ ದಿನಕ್ಕೇ ಅದೇ ಪ್ರಶ್ನೆ ಅದೇ ಬಾಲ್ಕನಿಯೊಂದಿಗೆ ಮರಳಿ ಬರುತ್ತದೆ. ಹಾಗಾಗಿ ಈ ಸಲ ಕಾರಣವನ್ನೂ ಪೂರ್ತಿ ವಿವರಿಸುತ್ತೇನೆ. ಕಾರಣ ತಿಳಿದರೆ ಬೇರೆಯವರ ಮಾತಿಗೆ ಮನಸ್ಸು ಅಲ್ಲಾಡುವುದಿಲ್ಲ.

ಹೊಟ್ಟೆಗೆ ಸಂಬಂಧಪಟ್ಟಂತೆ ಹಡಗಿನ ಚಲನೆಗಳು ಮುಖ್ಯವಾಗಿ ಮೂರು. ಎಡಬಲಕ್ಕೆ ವಾಲುವುದು ಒಂದು. ಮುಂತುದಿ ಎದ್ದು ಹಿಂತುದಿ ತಗ್ಗುವುದು, ಮತ್ತೆ ತಿರುಗಾಮುರುಗಾ ಆಗುವುದು ಇನ್ನೊಂದು. ಇಡೀ ಹಡಗೇ ಅಲೆಯ ಜೊತೆ ಏರಿ ಇಳಿಯುವುದು ಮೂರನೆಯದು. ಈ ಮೂರನೆಯದರಿಂದ ಯಾವ ಕ್ಯಾಬಿನ್ನಿಗೂ ಬಿಡುಗಡೆಯಿಲ್ಲ. ಮೊದಲ ಎರಡರ ಮಾತು ಬೇರೆ. ನೀವು ಹಡಗಿನ ನಡುವಿನಿಂದ ಎಷ್ಟು ದೂರದಲ್ಲಿದ್ದೀರಿ ಎಂಬುದರ ಮೇಲೆ ಅವುಗಳ ಪೆಟ್ಟು ನಿರ್ಧಾರವಾಗುತ್ತದೆ.

ಒಂದು ಲೆಕ್ಕ ಹಾಕೋಣ. ಸುಮಾರು 300 ಮೀಟರ್ ಉದ್ದದ ಹಡಗು. ಮುಂತುದಿ ಬರೀ 1 ಡಿಗ್ರಿಯಷ್ಟು ಏಳುತ್ತದೆ, ಅಷ್ಟೇ ತಗ್ಗುತ್ತದೆ. ನಡುವಿನಿಂದ 130 ಮೀಟರ್ ಮುಂದಿರುವ ಕ್ಯಾಬಿನ್ ಒಟ್ಟು ಸುಮಾರು ನಾಲ್ಕೂವರೆ ಮೀಟರ್ ಏರಿಳಿಯುತ್ತದೆ. ಒಂದೂವರೆ ಅಂತಸ್ತಿನ ಎತ್ತರ ಅದು, ಅದೂ ಕೆಲವೇ ಸೆಕೆಂಡುಗಳಿಗೊಮ್ಮೆ, ರಾತ್ರಿಯಿಡೀ. ನಡುವಿನಿಂದ 20 ಮೀಟರ್ ದೂರದ ಕ್ಯಾಬಿನ್ ಅದೇ ಹೊತ್ತಿನಲ್ಲಿ ಏರಿಳಿಯುವುದು 70 ಸೆಂಟಿಮೀಟರ್ ಮಾತ್ರ. ಹಡಗು ಒಂದೇ, ಅಲೆ ಒಂದೇ, ಕಷ್ಟ ಮಾತ್ರ ಆರು ಪಟ್ಟು ಕಡಿಮೆ. ಸಂಶೋಧನೆಗಳ ಪ್ರಕಾರ ವಾಕರಿಕೆ ತರುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಈ ಮೇಲೆ ಕೆಳಗಿನ ಚಲನೆಯೇ. ಅದರಲ್ಲೂ ಸುಮಾರು ಐದಾರು ಸೆಕೆಂಡಿಗೊಮ್ಮೆ ಮರುಕಳಿಸುವಂಥದ್ದು. ನಟ್ಟನಡುವೆ ಎಂಬ ಮಾತನ್ನು ನಾನು ಮೊದಲು ಹೇಳಿದ್ದು ಇದಕ್ಕಾಗಿ.

ಈಗ ಬಾಲ್ಕನಿಗೆ ಬರೋಣ. ತಾಜಾ ಗಾಳಿ ಸಿಗುತ್ತದೆ, ದಿಗಂತ ಕಾಣುತ್ತದೆ, ಅಲೆಗಳಿಂದ ದೂರ ಇರುತ್ತೇವೆ, ಹಾಗಾಗಿ ವಾಂತಿಯಾಗುವುದಿಲ್ಲ ಎಂಬ ನಂಬಿಕೆ ಅದೆಷ್ಟು ಗಟ್ಟಿಯೆಂದರೆ, ನಡುಭಾಗದ ಅಗ್ಗದ ಕ್ಯಾಬಿನ್ ಖಾಲಿ ಇದ್ದರೂ ಜನ ಮುಂತುದಿಯ ಬಾಲ್ಕನಿಗೆ ಹಣ ಸುರಿಯುತ್ತಾರೆ. ಆಮೇಲೆ ಹಡಗನ್ನು ಬೈಯುತ್ತಾರೆ.

ಅಲೆಗಳಿಂದ ದೂರ ಎಂಬುದನ್ನೇ ಮೊದಲು ನೋಡಿ. ಗಾಳಿ ಬೀಸಿದಾಗ ಮರದ ಬುಡ ಅಲುಗುವುದಿಲ್ಲ, ತುದಿ ತೊನೆಯುತ್ತದೆ. ಹಡಗು 3 ಡಿಗ್ರಿ ಆ ಕಡೆ, 3 ಡಿಗ್ರಿ ಈ ಕಡೆ ವಾಲಿದರೆ, ವಾಲುವ ಅಕ್ಷದಿಂದ 30 ಮೀಟರ್ ಮೇಲಿರುವ ಡೆಕ್ಕು ಒಟ್ಟು ಮೂರು ಮೀಟರಿಗೂ ಹೆಚ್ಚು ಅತ್ತಿತ್ತ ತೂಗುತ್ತದೆ. 5 ಮೀಟರ್ ಮೇಲಿರುವ ಡೆಕ್ಕು ತೂಗುವುದು ಅರ್ಧ ಮೀಟರ್. ಅಲೆಗಳಿಂದ ದೂರ ಹೋದಷ್ಟೂ ಅವುಗಳ ಆಟ ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಸಮುದ್ರದ ಕಡೆಗೆ ಮುಖ ಮಾಡಿದ ಬಾಲ್ಕನಿ ಇರುವುದು ಹಡಗಿನ ಅಂಚಿನಲ್ಲಿ. ಹಡಗು ವಾಲಿದಾಗ ಒಂದು ಅಂಚು ಮೇಲೇಳುತ್ತದೆ, ಇನ್ನೊಂದು ಇಳಿಯುತ್ತದೆ. ನಡುಗೆರೆಯಿಂದ 17 ಮೀಟರ್ ಆಚೆಗಿರುವ ಬಾಲ್ಕನಿ ಕೋಣೆ ಅದೇ 3 ಡಿಗ್ರಿಗೆ ಸುಮಾರು 1.8 ಮೀಟರ್ ಏರಿಳಿಯುತ್ತದೆ. ನಡುಗೆರೆಯಿಂದ 5 ಮೀಟರಿನಲ್ಲಿರುವ ಕಿಟಕಿಯಿಲ್ಲದ ಒಳಕೋಣೆ ಅರ್ಧ ಮೀಟರ್. ಎಲ್ಲರೂ ಮೂಗು ಮುರಿಯುವ ಆ ಒಳಕೋಣೆ ಕಡಿಮೆ ಅಲುಗುತ್ತದೆ!

ದಿಗಂತದ ಮಾತಿನಲ್ಲಿ ಮಾತ್ರ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟವನ್ನು ಹೇಳುತ್ತದೆ, ಕೋಣೆಯ ಗೋಡೆ ನೋಡುತ್ತಿರುವ ಕಣ್ಣು ಎಲ್ಲ ಸ್ಥಿರವಾಗಿದೆ ಎನ್ನುತ್ತದೆ. ಮಿದುಳಿಗೆ ಈ ಎರಡು ಸುದ್ದಿ ಹೊಂದುವುದಿಲ್ಲ. ದಿಗಂತ ನೋಡಿದರೆ ಕಣ್ಣಿಗೂ ಅಲುಗಾಟ ತಿಳಿಯುತ್ತದೆ, ಜಗಳ ತಗ್ಗುತ್ತದೆ. ಆದರೆ ಕ್ಯಾಬಿನ್ನಿನಲ್ಲಿ ನೀವು ಹೆಚ್ಚು ಹೊತ್ತು ಇರುವುದು ರಾತ್ರಿ. ಆಗ ಬಾಲ್ಕನಿಯಾಚೆ ಕಾಣುವುದು ಕತ್ತಲೆ. ದಿಗಂತ ಬೇಕಿದ್ದರೆ ಹಗಲಿನಲ್ಲಿ ತೆರೆದ ಡೆಕ್ಕಿಗೆ ಹೋಗಿ ನಿಲ್ಲಿ. ಅಲ್ಲಿ ಗಾಳಿಯೂ ಇದೆ, ದಿಗಂತವೂ ಇದೆ, ಎರಡಕ್ಕೂ ಬೇರೆ ಹಣ ಕೊಡಬೇಕಾಗಿಲ್ಲ.

ಅಲ್ಲದೆ ಈ ಕಾಯಿಲೆಯ ಬೇರು ಇರುವುದು ಕಣ್ಣಿನಲ್ಲಲ್ಲ, ಕಿವಿಯಲ್ಲಿ. ಕಣ್ಣು ಕಾಣದವರಿಗೂ ಹಡಗಿನಲ್ಲಿ ವಾಂತಿಯಾಗುತ್ತದೆ. ಒಳಕಿವಿಯ ಸಮತೋಲನದ ಅಂಗ ಪೂರ್ತಿ ಕೆಲಸ ಮಾಡದವರಿಗೆ ಆಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಕಿವುಡರನ್ನು ಪರೀಕ್ಷಿಸಿ 1882ರಷ್ಟು ಹಿಂದೆಯೇ ಇದರತ್ತ ಗಮನ ಸೆಳೆದಿದ್ದರು. ಕಣ್ಣು ಮುಚ್ಚಿ ಅಂಗಾತ ಮಲಗಿದರೆ ಬಹಳ ಮಂದಿಗೆ ಹಿತವೆನಿಸುತ್ತದೆ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಸುತ್ತಿದ ಚಾರ್ಲ್ಸ್ ಡಾರ್ವಿನ್ ಈ ಬಾಧೆಯಿಂದ ನರಳಿದರು, ಜೋಲಿಯಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತಿದ್ದರು. ಅವರ ಕೋಣೆ ಇದ್ದದ್ದು ಹಡಗಿನ ಹಿಂತುದಿಯಲ್ಲಿ. ಕಣ್ಣು ಮುಚ್ಚಿ ಮಲಗುವುದಕ್ಕೆ ಬಾಲ್ಕನಿ ಏಕೆ ಬೇಕು?

ಕಾಯ್ದಿರಿಸುವಾಗ ಹಡಗಿನ ಡೆಕ್ ನಕ್ಷೆಯನ್ನು ತೆರೆದಿಟ್ಟುಕೊಳ್ಳಿ. ಕ್ಯಾಬಿನ್ ಸಂಖ್ಯೆಯನ್ನು ನಂಬಿ ನಡುಭಾಗ ಎಂದುಕೊಳ್ಳಬೇಡಿ. ಬೆರಳಿಟ್ಟು ಉದ್ದವನ್ನು ಅಳೆಯಿರಿ. ಲೈಫ್ ಬೋಟುಗಳು ಕಿಟಕಿಗೆ ಅಡ್ಡ ಬರುವ ಕ್ಯಾಬಿನ್ನುಗಳು ಸಾಮಾನ್ಯವಾಗಿ ಕಡಿಮೆ ದರಕ್ಕೆ ಸಿಗುತ್ತವೆ, ಅವುಗಳಲ್ಲಿ ಎಷ್ಟೋ ನಡುಭಾಗದಲ್ಲೇ ಇರುತ್ತವೆ. ಯಾವ ಕ್ಯಾಬಿನ್ ಎಂಬುದನ್ನು ಕಂಪನಿಯೇ ಆಮೇಲೆ ತೀರ್ಮಾನಿಸುವ ಅಗ್ಗದ ಟಿಕೆಟ್ಟನ್ನು ಮಾತ್ರ ನಿಮ್ಮಂಥವರು ತೆಗೆದುಕೊಳ್ಳಲೇಬಾರದು. ಮೇಲಿನ ಅಂತಸ್ತಿನಲ್ಲಿ ನೃತ್ಯಶಾಲೆ ಅಥವಾ ಅಡುಗೆಮನೆ ಇದೆಯೇ ಎಂದೂ ನೋಡಿ. ನಿದ್ದೆಗೆಟ್ಟ ದೇಹಕ್ಕೆ ಕಡಲು ಇನ್ನಷ್ಟು ಕಷ್ಟ. ಇನ್ನೊಂದು ವಿಷಯ: ಎಷ್ಟೋ ಹಡಗುಗಳಲ್ಲಿ ರಂಗಮಂದಿರ ಮುಂತುದಿಗೆ, ಊಟದ ದೊಡ್ಡ ಹಾಲ್ ಹಿಂತುದಿಗೆ ಇರುತ್ತದೆ. ಕಡಲು ಕೆರಳಿದ ಸಂಜೆ ಅವೆರಡನ್ನೂ ಬಿಟ್ಟು ನಡುಭಾಗದಲ್ಲೇ ಕಾಲ ಕಳೆಯಿರಿ. ಮಾತ್ರೆಯ ವಿಷಯ ವೈದ್ಯರನ್ನು ಕೇಳಿ. ವಾಕರಿಕೆ ಶುರುವಾದ ಮೇಲೆ ನುಂಗುವುದಕ್ಕಿಂತ ಮೊದಲೇ ತೆಗೆದುಕೊಳ್ಳುವುದು ಮೇಲು.

ಹಡಗು ಅಲುಗಿದರೂ ಕೋಣೆ ಅಲುಗದಂತೆ ಮಾಡಲಾಗದೇ ಎಂದು ನೀವು ಕೇಳಿಲ್ಲ, ಆದರೆ ನನಗೆ ಬಲು ಪ್ರಿಯವಾದ ಪ್ರಶ್ನೆ ಅದು. ಉಕ್ಕು ತಯಾರಿಕೆಯಿಂದ ಹೆಸರಾದ ಇಂಗ್ಲೆಂಡಿನ ಹೆನ್ರಿ ಬೆಸ್ಸೆಮರ್‌ಗೆ ಕಡಲ ಪ್ರಯಾಣವೆಂದರೆ ಪ್ರಾಣಸಂಕಟ. ಅವರು ತಮ್ಮ ಹೆಸರಿನದೇ 350 ಅಡಿ ಉದ್ದದ ಹಡಗು ಕಟ್ಟಿಸಿ, ಅದರೊಳಗೆ ತಿರುಗಣಿಯ ಮೇಲೆ ನಿಲ್ಲುವ ದೊಡ್ಡ ಕೋಣೆ ಇರಿಸಿದರು. ಒಬ್ಬ ಮನುಷ್ಯ ರಸಮಟ್ಟ ನೋಡುತ್ತಾ, ಹಡಗು ಎಡಕ್ಕೆ ವಾಲಿದರೆ ನೀರೊತ್ತಡದ ಯಂತ್ರದಿಂದ ಕೋಣೆಯನ್ನು ಬಲಕ್ಕೆ ತಿರುಗಿಸಬೇಕು. ಎಂಥ ಧೈರ್ಯದ ಕಲ್ಪನೆ! 1875ರ ಮೇ ತಿಂಗಳ ಸಾರ್ವಜನಿಕ ಯಾನದಲ್ಲಿ ಕೋಣೆಯನ್ನು ತಿರುಗದಂತೆ ಬಿಗಿದೇ ಹೊರಟರೂ ಹಡಗು ಫ್ರಾನ್ಸಿನ ಕ್ಯಾಲೆ ಬಂದರಿನ ಕಟ್ಟೆಗೆ ಗುದ್ದಿತು. ಯೋಜನೆ ಅಲ್ಲಿಗೆ ಮುಗಿಯಿತು.

ಅವರು ತಡೆಯಲು ಹೊರಟಿದ್ದ ವಾಲಾಟವನ್ನು ಈಗ ಹಡಗಿನ ಪಕ್ಕಗಳಿಂದ ನೀರಿನೊಳಗೆ ಚಾಚಿಕೊಳ್ಳುವ ರೆಕ್ಕೆಗಳು ಬಹುಪಾಲು ತಡೆಯುತ್ತವೆ. ಕ್ವೀನ್ ಮೇರಿಯಂಥ ಭಾರಿ ಹಡಗಿಗೂ 1958ರಲ್ಲಿ ಇವನ್ನು ಜೋಡಿಸಿದರು. ಆದರೆ ಮುಂತುದಿ ಹಿಂತುದಿಗಳ ಏರಿಳಿತಕ್ಕೆ ಈ ರೆಕ್ಕೆಗಳಿಂದ ಉಪಯೋಗವಿಲ್ಲ. ಆದ್ದರಿಂದ ಕೆಳಗಿನ ಡೆಕ್ಕಿನ ಮುಂತುದಿ, ಮೇಲಿನ ಡೆಕ್ಕಿನ ನಡುಭಾಗ, ಇವೆರಡೇ ಉಳಿದಿವೆ ಎಂದಾದರೆ ಯೋಚಿಸಬೇಡಿ, ಮೇಲಿನ ಡೆಕ್ಕಿನ ನಡುಭಾಗವನ್ನೇ ತೆಗೆದುಕೊಳ್ಳಿ. ಅದಕ್ಕೆ ಬಾಲ್ಕನಿ ಇದ್ದರೆ ಇರಲಿ.