ಚೀನಾದ ಸುಧಾರಣೆ ಶುರುವಾದದ್ದು ಡೆಂಗ್ ಅವರಿಂದಲೇ?

ಪ್ರಶ್ನೆ: 1978ರಲ್ಲಿ ಡೆಂಗ್ ಷಿಯಾವೊಪಿಂಗ್ ಮನಸ್ಸು ಮಾಡಿದರು, ಚೀನಾ ಬದಲಾಯಿತು ಎಂದು ಎಲ್ಲೆಡೆ ಓದುತ್ತೇವೆ. ಒಬ್ಬ ನಾಯಕ ತೀರ್ಮಾನಿಸಿದ್ದಕ್ಕೇ ಅಷ್ಟು ದೊಡ್ಡ ದೇಶ ದಾರಿ ಬದಲಿಸಿತೇ?

ಉತ್ತರ: ಇಲ್ಲ. ಮೊದಲ ಹೆಜ್ಜೆ ಬಿದ್ದದ್ದು ಹೊಲದಲ್ಲಿ, ಅದೂ ಕದ್ದುಮುಚ್ಚಿ.

1978ರ ಚಳಿಗಾಲದ ಒಂದು ರಾತ್ರಿ ಅನ್ಹುಯಿ ಪ್ರಾಂತ್ಯದ ಷಿಯಾವೊಗಾಂಗ್ ಎಂಬ ಪುಟ್ಟ ಹಳ್ಳಿಯಲ್ಲಿ 18 ಮಂದಿ ರೈತರು ಒಂದು ಗುಡಿಸಲಲ್ಲಿ ಸೇರಿದರು. ಆಗ ಕಮ್ಯೂನ್ ಪದ್ಧತಿಯಿತ್ತು. ಹೊಲ ಎಲ್ಲರದು, ದುಡಿಮೆಗೆ ಅಂಕ, ಅಂಕದ ಲೆಕ್ಕದಲ್ಲಿ ದವಸ. ಮೈಮುರಿದು ದುಡಿದವನಿಗೂ ದಿನ ದೂಡಿದವನಿಗೂ ಹೆಚ್ಚುಕಡಿಮೆ ಅಷ್ಟೇ ಪಾಲು. ಹೊಟ್ಟೆ ತುಂಬದೆ ಭಿಕ್ಷೆಗೆ ಊರೂರು ಅಲೆಯುವುದು ಆ ಸೀಮೆಗೆ ಹೊಸತಾಗಿರಲಿಲ್ಲ. ಹೊಲವನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರಕ್ಕೆ ಸಲ್ಲಬೇಕಾದ ದವಸ ಸಲ್ಲಿಸಿ ಉಳಿದದ್ದನ್ನು ಮನೆಗೆ ಒಯ್ಯೋಣ ಎಂದು ಒಂದು ಹಾಳೆಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿದರು.

ಆ ಹಾಳೆಯಲ್ಲಿ ಇನ್ನೊಂದು ಮಾತಿದೆ. ಮುಂದಾಳುಗಳು ಜೈಲಿಗೆ ಹೋದರೆ, ತಲೆಯನ್ನೇ ಕಳೆದುಕೊಂಡರೆ, ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕು. ಆರ್ಥಿಕ ಸುಧಾರಣೆಯ ಬಗ್ಗೆ ಎಷ್ಟು ಓದಿದರೂ ನನ್ನನ್ನು ಹಿಡಿದು ನಿಲ್ಲಿಸುವುದು ಈ ಸಾಲು. ತಮ್ಮ ಹೊಲದಲ್ಲಿ ತಾವು ಬೆಳೆಯುವುದಕ್ಕೆ ಮಕ್ಕಳ ಗತಿಯನ್ನೂ ಮೊದಲೇ ಯೋಚಿಸಿಡಬೇಕಾಗಿತ್ತು.

ಆ ಭಯಕ್ಕೆ ಕಾರಣವಿತ್ತು. ದೇಶದ ಉತ್ಪಾದನೆಯನ್ನು ದಿಢೀರನೆ ಏರಿಸಲು ಆಗಿನ ನಾಯಕ ಮಾವೊ 1958ರಲ್ಲಿ ಶುರುಮಾಡಿದ ‘ಮಹಾ ಜಿಗಿತ’ ತಂದ ಕ್ಷಾಮದಲ್ಲಿ ಅತಿ ಹೆಚ್ಚು ಜನ ಸತ್ತ ಪ್ರಾಂತ್ಯಗಳಲ್ಲಿ ಅನ್ಹುಯಿ ಒಂದು. 1961ರಲ್ಲಿ ಅಲ್ಲಿ ಇದೇ ಬಗೆಯಲ್ಲಿ ಹೊಲಗಳನ್ನು ಮನೆಗಳಿಗೆ ವಹಿಸಿಕೊಟ್ಟಿದ್ದರು, ಬೆಳೆಯೂ ಚೇತರಿಸಿತ್ತು. ಮಾವೊ ಮರುವರ್ಷವೇ ಅದನ್ನು ನಿಲ್ಲಿಸಿದರು. ‘ಬೆಕ್ಕು ಯಾವ ಬಣ್ಣದ್ದಾದರೇನು, ಇಲಿ ಹಿಡಿದರೆ ಸರಿ’ ಎಂಬ ಡೆಂಗ್ ಅವರ ಹೆಸರಾಂತ ಮಾತು ಹುಟ್ಟಿದ್ದೂ ಈ ಹೊಲದ ಜಗಳದಲ್ಲೇ, 1962ರ ಜುಲೈನಲ್ಲಿ. ಅದು ಷೇರುಪೇಟೆಯ ಬಗ್ಗೆಯೋ ವಿದೇಶಿ ಬಂಡವಾಳದ ಬಗ್ಗೆಯೋ ಆಡಿದ ಮಾತಲ್ಲ. ಸಿಚುವಾನ್ ಸೀಮೆಯ ಗಾದೆ. ಅವರು ಹೇಳಿದ್ದು ಹಳದಿ ಬೆಕ್ಕು, ಕಪ್ಪು ಬೆಕ್ಕು ಎಂದು.

1978ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಪಕ್ಷದ ಕೇಂದ್ರ ಸಮಿತಿ ಸೇರಿತು. ಸುಧಾರಣೆಯ ಆರಂಭ ಎಂದು ಪುಸ್ತಕಗಳು ಹೇಳುವ ಸಭೆ ಅದೇ. ಆದರೆ ಅಲ್ಲಿ ಒಪ್ಪಿದ ಕೃಷಿ ಕರಡು ಹೊಲ ಹಂಚಿಕೊಂಡು ಒಂಟಿಯಾಗಿ ಬೇಸಾಯ ಮಾಡುವುದನ್ನು ನಿಷೇಧಿಸಿತ್ತು! ರೈತರನ್ನು ಕಾಪಾಡಿದ್ದು ಅನ್ಹುಯಿಯ ಪಕ್ಷ ಕಾರ್ಯದರ್ಶಿ ವಾನ್ ಲಿ. ಅವರ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು. ಡೆಂಗ್ ಈ ಪ್ರಯೋಗವನ್ನು ಹೊಗಳಿ ಮಾತಾಡಿದ್ದು 1980ರ ಮೇ ತಿಂಗಳಲ್ಲಿ. ಕೇಂದ್ರದ ಪೂರ್ಣ ಮನ್ನಣೆ ಸಿಕ್ಕಿದ್ದು 1982ರಲ್ಲಿ.

1978ರಲ್ಲಿ ಸುಮಾರು 30.5 ಕೋಟಿ ಟನ್ ಇದ್ದ ದೇಶದ ದವಸ 1984ಕ್ಕೆ 40.7 ಕೋಟಿ ಟನ್ ಆಯಿತು. ಇದೆಲ್ಲ ಹಂಚಿಕೆಯೊಂದರ ಫಲ ಎಂದರೆ ತಪ್ಪಾಗುತ್ತದೆ. 1979ರಲ್ಲಿ ಸರ್ಕಾರ ಖರೀದಿ ಬೆಲೆಯನ್ನು ಶೇ 20ರಷ್ಟು ಏರಿಸಿತು. 1973ರಲ್ಲಿ ಹೊರದೇಶಗಳಿಂದ ಕೊಂಡ ದೊಡ್ಡ ಗೊಬ್ಬರ ಕಾರ್ಖಾನೆಗಳು ನಡೆಯತೊಡಗಿದ್ದವು, ಹೈಬ್ರಿಡ್ ಭತ್ತವೂ ಹೊಲಕ್ಕಿಳಿದಿತ್ತು. ಜಮೀನಿನ ಒಡೆತನವಂತೂ ರೈತರಿಗೆ ಇಂದಿಗೂ ಬಂದಿಲ್ಲ. ಅದು ಊರಿನ ಸಮುದಾಯದ್ದು, ರೈತನ ಕೈಯಲ್ಲಿರುವುದು ಗುತ್ತಿಗೆ: 1984ರಲ್ಲಿ 15 ವರ್ಷಕ್ಕೆ, ಆಮೇಲೆ 30 ವರ್ಷಕ್ಕೆ.

ಹಾಗಾದರೆ ಡೆಂಗ್ ಅವರ ಪಾಲೇನು? ಮಾವೊ ತಡೆದದ್ದನ್ನು ಅವರು ತಡೆಯಲಿಲ್ಲ. ಅದು ಸಣ್ಣ ಸಂಗತಿಯಲ್ಲ. ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದ ಶೆನ್‌ಜೆನ್‌ನಂಥ ವಿಶೇಷ ಆರ್ಥಿಕ ವಲಯಗಳಲ್ಲಿ ಅವರ ಬೆಂಬಲವೇ ನಿರ್ಣಾಯಕವಾಗಿತ್ತು. ಆದರೆ ಹೊಲದಲ್ಲಿ ಕೈ ಬಿಡುವಾದ ಕೋಟ್ಯಂತರ ಜನ ಸೇರಿದ್ದು ಹಳ್ಳಿ-ಪಟ್ಟಣಗಳ ಸಣ್ಣ ಕಾರ್ಖಾನೆಗಳಿಗೆ. ಅವುಗಳ ಬೆಳವಣಿಗೆ ತಾವು ಎಣಿಸಿಯೇ ಇರದ ಅತಿ ದೊಡ್ಡ ಲಾಭ, ಅದು ಕೇಂದ್ರದ ಸಾಧನೆಯಲ್ಲ ಎಂದು 1987ರಲ್ಲಿ ಯುಗೊಸ್ಲಾವಿಯದ ಅತಿಥಿಗಳ ಮುಂದೆ ಸ್ವತಃ ಡೆಂಗ್ ಅವರೇ ಹೇಳಿದರು.