ಆನಂದ್ ಆರೇ ನಡೆಗೆ ಸೋತ ಆಟ

1988, ಸ್ವಿಟ್ಜರ್‌ಲೆಂಡ್‌ನ ಬೀಲ್ ಚೆಸ್ ಟೂರ್ನಿ. ಕೊಲಂಬಿಯಾದ ಅಲೋನ್ಸೊ ಜಪಾಟಾ ಆರನೇ ನಡೆ ಆಡಿದರು, ವಿಶ್ವನಾಥನ್ ಆನಂದ್ ಸೋಲೊಪ್ಪಿಕೊಂಡರು. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವರ್ಷವೇ ಆನಂದ್‌ಗೆ ಹೀಗಾಯಿತು. ತಮಾಷೆ ಏನಂದರೆ, ಹಳೆಯ ಆಟವೊಂದನ್ನು ನೋಡಿಕೊಂಡು ಬಂದದ್ದೇ ಅವರಿಗೆ ಮುಳುವಾಯಿತು.

ಆಡಿದ್ದು ಪೆಟ್ರೋವ್ ಓಪನಿಂಗ್, ಅಂದರೆ ಆಟ ಶುರುಮಾಡುವ ನಡೆಗಳ ಒಂದು ಕ್ರಮ. ಐದನೇ ನಡೆಯಲ್ಲಿ ಆನಂದ್ ಕಪ್ಪು ಒಂಟೆಯನ್ನು ಎಫ್5ಕ್ಕೆ ತಂದರು. ಹಿಂದಿನ ವರ್ಷ ಟೋನಿ ಮೈಲ್ಸ್ ವಿರುದ್ಧ ಲ್ಯಾರಿ ಕ್ರಿಶ್ಚಿಯನ್ಸನ್ ಇದೇ ನಡೆ ಆಡಿದ್ದರು, ಆಟ 20 ನಡೆಗೆ ಡ್ರಾ ಆಗಿತ್ತು. ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳು ಆಡಿದ್ದಾರೆ ಅಂದಮೇಲೆ ಸರಿಯಾಗೇ ಇರಬೇಕು, ಅಲ್ವಾ? ಜಪಾಟಾ ಸುಮ್ನೆ ರಾಣಿಯನ್ನು ಇ2ಕ್ಕೆ ಸರಿಸಿದರು.

ಬೋರ್ಡ್ ಇದ್ದರೆ ಜೋಡಿಸಿ ನೋಡಿ. ಇ4ರಲ್ಲಿ ಕಪ್ಪು ಕುದುರೆ, ಅದೇ ಸಾಲಿನ ತುದಿಯಲ್ಲಿ ಕಪ್ಪು ರಾಜ. ಕುದುರೆ ಅಲ್ಲಾಡಿದರೆ ಇ2ರ ರಾಣಿಯಿಂದ ರಾಜನಿಗೆ ಚೆಕ್, ಹಾಗಾಗಿ ಅಲ್ಲಾಡುವಂತಿಲ್ಲ. ಮುಂದಿನ ನಡೆಗೆ ಬಿಳಿ ಪಾನ್ ಡಿ3ಕ್ಕೆ ಬಂದರೆ ಕುದುರೆ ಹೋಯಿತು. ಕಪ್ಪು ರಾಣಿಯನ್ನು ಇ7ಕ್ಕೆ ಅಡ್ಡ ತಂದರೆ? ಸಿ3ರ ಬಿಳಿ ಕುದುರೆ ಡಿ5ಕ್ಕೆ ಹಾರುತ್ತದೆ. ರಾಣಿ ಆ ಸಾಲು ಬಿಟ್ಟರೆ ಮತ್ತೆ ಡಿ3, ಕುದುರೆ ಹೋಗುತ್ತದೆ. ಸಾಲಲ್ಲೇ ನಿಂತರೆ ಬಿಳಿ ಕುದುರೆ ಸಿ7ರಲ್ಲಿ ಪಾನ್ ಹೊಡೆದು ಚೆಕ್ ಕೊಡುತ್ತದೆ, ಜೊತೆಗೆ ಮೂಲೆಯ ಆನೆಗೂ ಕುತ್ತು. ಮೈಲ್ಸ್ ರಾಣಿಯನ್ನು ಇ2ಕ್ಕೆ ಆಡಿರಲಿಲ್ಲ, ಅಷ್ಟೇ.

ಅಂದರೆ ಹಳೆಯ ಆಟದಲ್ಲಿ ಆಡಿದ ನಡೆಗಳಷ್ಟೇ ಸಿಗುತ್ತವೆ. ಆಡದೆ ಬಿಟ್ಟದ್ದನ್ನು ನಾವೇ ಹುಡುಕಬೇಕು.

ಬಾಯಿಪಾಠ ಯಾಕೆ ಸಾಲದು ಅನ್ನುವುದಕ್ಕೆ 1973ರ ಒಂದು ಪ್ರಯೋಗವಿದೆ. ಮನಸ್ಸಿನ ಅಧ್ಯಯನ ಮಾಡುತ್ತಿದ್ದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆಟಗಾರರಿಗೆ ಐದು ಸೆಕೆಂಡ್ ಬೋರ್ಡ್ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ಸ್ಥಿತಿಯಾದರೆ ಮಾಸ್ಟರ್ ಸುಮಾರು 16 ಕಾಯಿಗಳನ್ನು ಸರಿಯಾಗಿ ಇಟ್ಟ, ಹೊಸಬ ನಾಲ್ಕನ್ನು. ಅವೇ ಕಾಯಿಗಳನ್ನು ಬೇಕಾಬಿಟ್ಟಿ ಚೆಲ್ಲಿ ತೋರಿಸಿದಾಗ ಇಬ್ಬರೂ ಹೆಚ್ಚುಕಮ್ಮಿ ಒಂದೇ. ಮಾಸ್ಟರ್‌ನ ನೆನಪಿನ ಶಕ್ತಿಯೇನೂ ಜಾಸ್ತಿಯಲ್ಲ. ಅವನು ಒಂದೊಂದೇ ಕಾಯಿ ನೋಡುವುದಿಲ್ಲ, ಪರಿಚಯದ ಗುಂಪುಗಳನ್ನು ನೋಡುತ್ತಾನೆ. ಆ ಪರಿಚಯ ಬರುವುದು ಒಂದೇ ಜಾತಿಯ ಆಟಗಳನ್ನು ಮತ್ತೆ ಮತ್ತೆ ನೋಡಿದಾಗ.

ಹಾಗಾಗಿ ಹತ್ತು ಓಪನಿಂಗ್‌ಗಳ ಮೇಲೆ ಕೈ ಆಡಿಸುವ ಬದಲು ಒಂದನ್ನೇ ಹಿಡಿಯುವುದು ವಾಸಿ. ಪೆಟ್ರೋವ್‌ನಲ್ಲೇ ನೋಡಿ: ಐದನೇ ನಡೆಗೆ ಒಂಟೆಯ ಬದಲು ಕಪ್ಪು ಕುದುರೆ ಸಿ3ರ ಕುದುರೆಯನ್ನು ಹೊಡೆಯುವುದೇ ಈಗಿನ ರೂಢಿ. ಬಿಳಿ ಡಿ ಪಾನ್‌ನಿಂದ ವಾಪಸ್ ಹೊಡೆಯುತ್ತದೆ. ಇಂಥ ಆಟಗಳನ್ನು ಸಾಲಾಗಿ ಹಾಕಿಕೊಂಡು, ಏಳನೇ ನಡೆಗೆ ನಿಲ್ಲಿಸಿ, ಮುಂದಿನದನ್ನು ಕಾಗದದ ಮೇಲೆ ಬರೆದು ಆಮೇಲೆ ನೋಡಿ. ಬಿಳಿ ಒಂಟೆ ಇ3ಕ್ಕೆ, ರಾಣಿ ಡಿ2ಕ್ಕೆ, ರಾಜ ರಾಣಿಯ ಕಡೆ ಕ್ಯಾಸ್ಲಿಂಗ್. ಇದು ಬೇಗ ಕಣ್ಣಿಗೆ ಬೀಳುತ್ತದೆ. ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಆನ್ ಮಾಡುವುದು ಇದೆಲ್ಲ ಆದಮೇಲೆ. ಅದು ಇ2 ರಾಣಿಯನ್ನು ಕ್ಷಣದಲ್ಲಿ ತೋರಿಸುತ್ತದೆ. ಕಪ್ಪಿನ ಒಂದೊಂದು ಉತ್ತರವನ್ನೂ ಆಡಿಸಿ, ಅದು ಯಾಕೆ ಸೋಲುತ್ತದೆ ಅಂತ ನೋಡುವ ಕೆಲಸ ಮಾತ್ರ ನಮ್ಮದೇ.