ಭರತ 11 ಗಂಟೆಗೆ ಸರಿ, ಹರಿವು ತಿರುಗೋದು ಯಾವಾಗ?

ಬೇಸಗೆಯಲ್ಲಿ ಮೀನು ಹಿಡಿಯಲು ನನ್ನ ದೋಣಿ ಹತ್ತುವವರದ್ದು ಹೆಚ್ಚುಕಡಿಮೆ ಒಂದೇ ಮಾತು. ಮೊಬೈಲ್ ಮುಂದೆ ಹಿಡಿದು, "ಭರತ 11 ಗಂಟೆಗಂತೆ. ಹನ್ನೊಂದೂಕಾಲಿಗೆ ಇಳಿತ ಶುರು ಅಲ್ವಾ? ಆಗ ಅಳಿವೆ ಬಾಯಲ್ಲಿ ಗಾಳ ಹಾಕೋಣ" ಅನ್ನುತ್ತಾರೆ. ಬೇಡ ಅಂದರೆ ಸೋಮಾರಿ ಅನ್ನೋ ಹಾಗೆ ನೋಡುತ್ತಾರೆ.

ಮೊಬೈಲಿನ ಆ ಭರತ-ಇಳಿತದ ಪಟ್ಟಿ ಹೇಳುವುದು ನೀರಿನ ಮಟ್ಟ. ಸಾಮಾನ್ಯವಾಗಿ ಅದೂ ಅಳಿವೆಯ, ಅಂದರೆ ಹಿನ್ನೀರು ಕಡಲಿಗೆ ಸೇರುವ ಬಾಯಿಯ, ಹೊರಗಿನ ಕಡಲಿನದ್ದು. ನಮಗೆ ಬೇಕಿರುವುದು ಹರಿವು.

ಕಡಲೊಳಗೆ ಒಂದು ದೊಡ್ಡ ತೊಟ್ಟಿ ಇಟ್ಟಿದ್ದೀರಿ, ಅದಕ್ಕೊಂದು ಸಣ್ಣ ತೂತು ಇದೆ ಅಂದುಕೊಳ್ಳಿ. ಹೊರಗೆ ಏರಿದಷ್ಟು ಬೇಗ ಒಳಗೆ ನೀರು ಏರುವುದಿಲ್ಲ. ಹೊರಗೆ ಭರತ ಮುಗಿದಾಗಲೂ ಒಳಗಿನ ನೀರು ತಗ್ಗಿನಲ್ಲೇ ಇರುತ್ತದೆ. ಹಾಗಾಗಿ ಕಡಲು ಇಳಿಯಲು ಶುರುವಾದರೂ ನೀರು ಒಳಗೇ ನುಗ್ಗುತ್ತಿರುತ್ತದೆ. ಎರಡೂ ಕಡೆ ಮಟ್ಟ ಸಮವಾದಾಗಷ್ಟೇ ಹರಿವು ನಿಲ್ಲುವುದು, ಆಮೇಲೆ ತಿರುಗುವುದು. ಬಾಯಿ ಕಿರಿದಾಗಿದ್ದು ಒಳಗಿನ ಹಿನ್ನೀರು ದೊಡ್ಡದಾದಷ್ಟೂ ಇದು ತಡ. ಒಂದು ಗಂಟೆ ಆಗಬಹುದು, ಎರಡೂ ಆಗಬಹುದು, ಕೆಲವು ಕಡೆ ಇನ್ನೂ ಜಾಸ್ತಿ. ಮರಳು ದಿಬ್ಬ ಜರುಗಿದರೆ ಅದೇ ಅಳಿವೆಯ ಲೆಕ್ಕವೂ ಬದಲಾಗುತ್ತದೆ. ನನ್ನನ್ನು ನಿಮಿಷ ಕೇಳಬೇಡಿ. ಅಳಿವೆಯಿಂದ ತೀರಾ ಒಳಗೆ ಹೋದರಂತೂ ಭರತಕ್ಕಿಂತ ಗಾಳಿಯ ಆಟವೇ ಹೆಚ್ಚು.

ಬೇಸಗೆಯಲ್ಲಿ ಇದು ಯಾಕೆ ಮುಖ್ಯ ಅಂದರೆ, ಬಿಸಿ ನೀರಲ್ಲಿ ಉಸಿರು ಕಡಿಮೆ. 15 ಡಿಗ್ರಿಯ ಕಡಲ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ 6ರ ಆಸುಪಾಸು. ಆಳವಿಲ್ಲದ, ಹುಲ್ಲು ಬೆಳೆದ ಜಾಗದಲ್ಲಿ ರಾತ್ರಿಯಿಡೀ ಆ ಹುಲ್ಲೂ ಅದನ್ನೇ ಬಳಸುತ್ತದೆ. ಸೂರ್ಯ ಹುಟ್ಟುವ ಮುಂಚೆ ಅಲ್ಲಿ ತೀರಾ ಕಡಿಮೆ. ಅದಕ್ಕೇ ಎಷ್ಟೋ ಮೀನು ಅಳಿವೆಯ ಹರಿವಿಗೆ ಬಂದು, ಅದಕ್ಕೆ ಮುಖ ಮಾಡಿ ನಿಲ್ಲುತ್ತವೆ. ಸೀಗಡಿ, ಮರಿಮೀನು ತಾವಾಗೇ ಅವುಗಳ ಬಾಯಿಗೆ ತೇಲಿ ಬರುತ್ತವೆ. ನೀರು ನಿಂತರೆ ಆ ಮೀನೂ ಸುಮ್ನೆ ಆಗುತ್ತವೆ. ಹನ್ನೊಂದೂಕಾಲಿಗೆ 'ಇಳಿತದ ಮೀನು' ಅಂತ ಗಾಳ ಬಿಟ್ಟರೆ, ನೀರಿನ್ನೂ ಒಳಗೇ ಹರಿಯುತ್ತಿರುವುದರಿಂದ, ನಿಮ್ಮ ಎರೆ ಮೀನಿನ ಬೆನ್ನ ಹಿಂದೆ ಬೀಳುತ್ತದೆ.

ನಿವೃತ್ತ ಎಂಜಿನಿಯರ್ ಒಬ್ಬರು ಈ ಮಾತನ್ನು ನಂಬಲೇ ಇಲ್ಲ. ಪ್ರತಿ ವಾರ ಬಂದು, ದೋಣಿದಾರಿಯ ಗುರುತಿಗೆ ಕಟ್ಟಿದ ಪೀಪಾಯಿಯ ಹಗ್ಗ ಯಾವಾಗ ಸಡಿಲ ಆಗುತ್ತೆ, ಅಂದರೆ ಹರಿವು ಯಾವಾಗ ನಿಲ್ಲುತ್ತೆ ಅಂತ ಬರೆದುಕೊಂಡರು. ಗಾಳ ಮುಟ್ಟಿದ್ದು ಕಡಿಮೆ. ಕೊನೆಗೆ ಪುಸ್ತಕ ತೋರಿಸಿದರು. ನಾನು ಹೇಳಿದ್ದು ಸರಿ ಇತ್ತು, ಆದರೆ ನಾನು ವರ್ಷಗಟ್ಟಲೆ ಹೇಳುತ್ತಿದ್ದ 'ಎರಡು ಗಂಟೆ' ತಪ್ಪಿತ್ತು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ದಿನಗಳ ಅಂತರವೇ ಬೇರೆ. ಆ ಪುಸ್ತಕದ ನಕಲು ಈಗ ನನ್ನ ಹತ್ತಿರ ಇದೆ.

ಮೀನು ಸಿಗದಿದ್ದರೆ ಬಿಡಿ. ಹೊರಗಡಲಿಗೆ ಹೋದವರು ವಾಪಸ್ ಬರುವಾಗ ಇದೇ ತಪ್ಪು ಮಾಡಿದರೆ ದೋಣಿ ಮಗುಚಬಹುದು. ಮಧ್ಯಾಹ್ನದ ಗಾಳಿ ಕಡಲಿಂದ ಒಳಗೆ ಬೀಸುತ್ತದೆ. ಅದಕ್ಕೆ ಎದುರಾಗಿ ಹಿನ್ನೀರು ಹೊರಗೆ ಹರಿಯುತ್ತಿದ್ದರೆ ಅಳಿವೆ ಬಾಯಲ್ಲಿ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಹೋದ ಬೇಸಗೆ ನಾಲ್ಕು ಜನರನ್ನು ಹೊರಗೇ ಕಾಯಿಸಿದೆ. ಬಿಸಿಲು, ಹಸಿವು, ಒಬ್ಬರಿಗೆ ವಾಂತಿ. "ಇಳಿತ ಮುಗಿದು ಒಂದು ಗಂಟೆ ಆಯ್ತಲ್ರೀ!" ಅಂತ ಒಬ್ಬರು ಮೊಬೈಲ್ ಎತ್ತಿ ತೋರಿಸಿದರು. ನಾನು ಪೀಪಾಯಿ ತೋರಿಸಿದೆ. ಹಗ್ಗ ಬಿಗಿದುಕೊಂಡು ಅದಿನ್ನೂ ಕಡಲ ಕಡೆಗೇ ವಾಲಿತ್ತು.